ಗಸ್ತು ಯಾರ ಮೇಲೆ?

2021ರ ಆಗಸ್ಟ್ ಕೊನೆಯ ವಾರದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಒಂದು ಸುತ್ತೋಲೆ ಹೊರಡಿಸಿತ್ತು. ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿ ಆವರಣದಲ್ಲಿ ಒಬ್ಬರೇ ಓಡಾಡಬಾರದು, ಕುಕ್ಕರಹಳ್ಳಿ ಕೆರೆಯ ಕಡೆಗೂ ಅದೇ ನಿಯಮ, ಭದ್ರತಾ ಸಿಬ್ಬಂದಿ ದಿನವೂ ಸಂಜೆ 6ರಿಂದ ರಾತ್ರಿ 9ರವರೆಗೆ ಗಸ್ತು ತಿರುಗಬೇಕು ಎಂದು ಅದರಲ್ಲಿತ್ತು. ಆಗಸ್ಟ್ 24ರ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಿತ್ತು. ಅದರ ಬೆನ್ನಿಗೇ ಬಂದ ಸುತ್ತೋಲೆ ಇದು. ಎಲ್ಲ ಕಡೆಯಿಂದ ವಿರೋಧ ಬಂದ ಮೇಲೆ ಅದನ್ನು ಹಿಂದೆಗೆದುಕೊಂಡರು.

ಆಗ ನಾನು ಎಂಟನೇ ತರಗತಿಯಲ್ಲಿದ್ದೆ. ಈಗ ದ್ವಿತೀಯ ಪಿಯುಸಿ. ಇನ್ನು ಕೆಲವು ತಿಂಗಳಲ್ಲಿ ನಮ್ಮ ತರಗತಿಯ ಪ್ರತಿಯೊಬ್ಬ ಹುಡುಗಿಯ ಮನೆಯಲ್ಲೂ 'ಮುಂದೆ ಎಲ್ಲಿಗೆ' ಎಂಬ ಮಾತು ಬರುತ್ತದೆ. ಹಿಂದೆಗೆದುಕೊಂಡ ಒಂದು ಹಳೆಯ ಕಾಗದವನ್ನು ಈಗ ಯಾಕೆ ಎತ್ತುತ್ತೀ ಎಂದು ಗೆಳತಿಯೊಬ್ಬಳು ಕೇಳಿದಳು. ಕಾಗದ ಹೋಯಿತು, ಆದರೆ ಅದನ್ನು ಬರೆಸಿದ ಆಲೋಚನೆ ಎಲ್ಲೂ ಹೋಗಿಲ್ಲ. ಅದು ವಿಶ್ವವಿದ್ಯಾನಿಲಯಗಳಲ್ಲಿದೆ, ಹಾಸ್ಟೆಲ್‌ಗಳಲ್ಲಿದೆ, ನಮ್ಮ ಮನೆಗಳಲ್ಲಿದೆ, ನಮ್ಮ ಕಾಲೇಜಿನಲ್ಲೂ ಇದೆ.

ಮೊದಲು ಆ ಸುತ್ತೋಲೆಯನ್ನೇ ನೋಡೋಣ. ಘಟನೆ ನಡೆದದ್ದು ಗಂಗೋತ್ರಿಯ ಒಳಗಲ್ಲ, ಊರಿನ ಇನ್ನೊಂದು ಬದಿಯಲ್ಲಿ. ಅಪರಾಧ ಮಾಡಿದವರು ವಿದ್ಯಾರ್ಥಿನಿಯರಲ್ಲ. ಆದರೂ ಬೀಗ ಬಿದ್ದದ್ದು ವಿದ್ಯಾರ್ಥಿನಿಯರ ಕಾಲಿಗೆ. 6.30ರ ನಂತರ ಹುಡುಗರು ಗಂಗೋತ್ರಿಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಆಗಿನ ಗೃಹ ಸಚಿವರು ಕೂಡ, ಅವರು ಅಂಥ ನಿರ್ಜನ ಜಾಗಕ್ಕೆ ಹೋಗಬಾರದಿತ್ತು ಎಂಬ ಅರ್ಥದ ಮಾತಾಡಿ ಟೀಕೆಗೆ ಗುರಿಯಾಗಿದ್ದರು. ಸಚಿವರ ಮಾತೂ ಸುತ್ತೋಲೆಯ ಮಾತೂ ಒಂದೇ. ಒಂದನ್ನು ಮೈಕಿನ ಮುಂದೆ ಹೇಳಿದರು, ಇನ್ನೊಂದನ್ನು ಸಹಿ ಹಾಕಿ ಕಳಿಸಿದರು.

6.30 ಎಂದರೆ ಎಷ್ಟು ಹೊತ್ತು? ಆಗಸ್ಟ್ ಕೊನೆಯಲ್ಲಿ ಮೈಸೂರಿನಲ್ಲಿ ಮಗ್ರಿಬ್ ಅಜಾನ್ ಆಗುವುದೂ ಹೆಚ್ಚುಕಡಿಮೆ ಆಗಲೇ. ಅಂದರೆ ಸೂರ್ಯ ಮುಳುಗಿದ ಕೂಡಲೇ ಕ್ಯಾಂಪಸ್ಸು ಗಂಡಸರದ್ದು. ಸ್ನಾತಕೋತ್ತರ ಓದುವವರಿಗೆ ಆ ಹೊತ್ತಿಗೆ ಪ್ರಯೋಗಾಲಯದ ಕೆಲಸ ಮುಗಿದಿರುವುದಿಲ್ಲ, ಗ್ರಂಥಾಲಯದಲ್ಲಿ ಕುಳಿತು ಓದುವ ಹೊತ್ತು ಶುರುವಾಗಿರುತ್ತದೆ ಅಷ್ಟೆ. ಗಂಗೋತ್ರಿ 700 ಎಕರೆಗೂ ಮಿಕ್ಕಿದ ಜಾಗ. 1960ರಲ್ಲಿ ಕುವೆಂಪು ಅವರು ಕುಲಪತಿಯಾಗಿದ್ದಾಗ ಶುರುವಾದದ್ದು, ಹೆಸರಿಟ್ಟವರೂ ಅವರೇ. ಒಂದು ವಿಭಾಗದಿಂದ ಇನ್ನೊಂದಕ್ಕೆ, ಅಲ್ಲಿಂದ ಹಾಸ್ಟೆಲಿಗೆ ಮರಗಳ ನಡುವಿನ ರಸ್ತೆಯಲ್ಲಿ ನಡೆದೇ ಹೋಗಬೇಕು. ಅಲ್ಲಿ ಒಬ್ಬರೇ ನಡೆಯಬೇಡಿ ಎಂದರೆ ಅಲ್ಲಿ ಓದಬೇಡಿ ಎಂದ ಹಾಗೆಯೇ. ಜೊತೆಗೆ ಬರಲು ದಿನಾ ಯಾರು ಸಿಗುತ್ತಾರೆ?

ಆ ಸುತ್ತೋಲೆಯಲ್ಲಿ ನನಗೆ ಒಪ್ಪಿಗೆಯಾದ ಒಂದೇ ಒಂದು ಸಾಲು ಗಸ್ತಿನದು. ಆದರೆ ಅದನ್ನು ಮೇಲಿನ ಸಾಲುಗಳ ಜೊತೆ ಸೇರಿಸಿ ಓದಿದಾಗ ಗಸ್ತಿನ ಕೆಲಸವೇ ಬೇರೆಯಾಗುತ್ತದೆ. ಹುಡುಗಿಯರು ಇರಬಾರದು ಎಂಬ ನಿಯಮ ಇರುವ ಜಾಗದಲ್ಲಿ ಗಸ್ತು ತಿರುಗುವವನು ಯಾರನ್ನು ಹುಡುಕುತ್ತಾನೆ? ಹುಡುಗಿಯರನ್ನೇ. ಅವನ ಟಾರ್ಚು ಮೊದಲು ಬೀಳುವುದು ನಮ್ಮ ಮುಖದ ಮೇಲೆ. 'ಯಾಕಮ್ಮ ಇಷ್ಟು ಹೊತ್ತು?' ಎಂದು ಕೇಳುವುದೇ ಅವನ ಡ್ಯೂಟಿಯಾಗಿಬಿಡುತ್ತದೆ.

ಇದು ಬರೀ ನನ್ನ ಊಹೆಯಲ್ಲ. 2017ರ ಸೆಪ್ಟೆಂಬರ್ 21ರ ಸಂಜೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ ಹಾಸ್ಟೆಲಿಗೆ ಮರಳುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಮೇಲೆ ಬೈಕಿನಲ್ಲಿ ಬಂದವರು ಕೈಮಾಡಿದರು. ಹತ್ತಿರದಲ್ಲೇ ಇದ್ದ ಭದ್ರತಾ ಸಿಬ್ಬಂದಿ ನೆರವಿಗೆ ಬರಲಿಲ್ಲ, ದೂರು ಹೇಳಿಕೊಂಡಾಗ ಇಷ್ಟು ತಡವಾಗಿ ಯಾಕೆ ಹೊರಗಿದ್ದೆ ಎಂದು ಅವಳನ್ನೇ ಕೇಳಿದರು ಎಂಬುದು ವಿದ್ಯಾರ್ಥಿನಿಯರ ದೂರು. ಮರುದಿನದಿಂದ ಅವರು ಮುಖ್ಯದ್ವಾರದಲ್ಲಿ ಕುಳಿತರು. ಅವರು ಕೇಳಿದ್ದು ದೊಡ್ಡದೇನಲ್ಲ: ದಾರಿಯಲ್ಲಿ ದೀಪ, ಸಿಸಿಟಿವಿ, ಮಹಿಳಾ ಭದ್ರತಾ ಸಿಬ್ಬಂದಿ, ಹುಡುಗರಿಗೆ ಇಲ್ಲದ ಹಾಸ್ಟೆಲ್ ನಿಯಮ ನಮಗೂ ಬೇಡ ಎಂಬುದು. 23ರ ರಾತ್ರಿ ಸಿಕ್ಕಿದ್ದು ಲಾಠಿ ಏಟು. ಆಮೇಲೆ ಮುಖ್ಯ ಪ್ರಾಕ್ಟರ್ ರಾಜೀನಾಮೆ ಕೊಟ್ಟರು, ಆ ಹುದ್ದೆಗೆ ಮೊದಲ ಬಾರಿಗೆ ಒಬ್ಬ ಮಹಿಳೆ ಬಂದರು, ಕುಲಪತಿ ರಜೆಯ ಮೇಲೆ ಹೋದರು. ಇಷ್ಟೆಲ್ಲ ಆದದ್ದು ದಾರಿದೀಪ ಕೇಳಿದ್ದಕ್ಕೆ.

ಬೇರೆಯವರ ಸಂಸ್ಥೆಯನ್ನು ಬೊಟ್ಟುಮಾಡಿ ತೋರಿಸಿ ಸುಮ್ಮನಾದರೆ ನ್ಯಾಯವಲ್ಲ. 2015ರ ಆಗಸ್ಟಿನಲ್ಲಿ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ತನ್ನ ಮಹಿಳಾ ಹಾಸ್ಟೆಲಿನವರಿಗೆ ರಾತ್ರಿ 8ರ ನಂತರ ಹೊರಗಿರಲು ಅಪರೂಪಕ್ಕೆ ಕೊಡುತ್ತಿದ್ದ ಅನುಮತಿಯನ್ನೂ ರದ್ದು ಮಾಡಿತು. ದೆಹಲಿ ಮಹಿಳಾ ಆಯೋಗ ನೋಟಿಸ್ ಕೊಟ್ಟು ವಿವರಣೆ ಕೇಳಿತು. 'ಪಿಂಜ್ರಾ ತೋಡ್' ಎಂಬ ವಿದ್ಯಾರ್ಥಿನಿಯರ ಚಳವಳಿ ಶುರುವಾದದ್ದು ಅಲ್ಲಿಂದ. ನಮ್ಮ ಮನೆಗಳಲ್ಲಿ ಜಾಮಿಯಾ ಎಂದರೆ ಗೌರವ, ನನಗೂ ಅಲ್ಲಿ ಓದುವ ಆಸೆ ಇದೆ. ಹಾಗೆಂದು ಆ ನಿಯಮ ಸರಿಯಾಗುವುದಿಲ್ಲ. ನಮ್ಮವರು ಹಾಕಿದ ಬೀಗವೂ ಬೀಗವೇ.

ಈಗ ಮನೆಯ ಮಾತಿಗೆ ಬರುತ್ತೇನೆ. ಈ ಪತ್ರಿಕೆಯನ್ನು ಅಮ್ಮಿ, ಅಬ್ಬಾ ಕೂಡ ಓದುತ್ತಾರೆ. ಬೇರೆ ಮನೆಗಳಲ್ಲೂ ಓದುತ್ತಾರೆ ಎಂದು ನಂಬಿದ್ದೇನೆ. ಕ್ಯಾಂಪಸ್ ಸುರಕ್ಷತೆ ಎಂಬುದು ನಮಗೆ ಸೀಟು ಸಿಕ್ಕಿದ ಮೇಲಿನ ವಿಷಯವಲ್ಲ, ಸೀಟಿಗೆ ಅರ್ಜಿ ಹಾಕಬೇಕೋ ಬೇಡವೋ ಎಂಬ ವಿಷಯ. ನನ್ನ ದೊಡ್ಡಪ್ಪನ ಮಗಳು, ನಾವು ಬಾಜಿ ಎಂದು ಕರೆಯುವವಳು, ರಸಾಯನಶಾಸ್ತ್ರದಲ್ಲಿ ತುಂಬ ಚುರುಕು. ಎಂಎಸ್ಸಿಗೆ ದೂರದ ವಿಶ್ವವಿದ್ಯಾನಿಲಯದಲ್ಲಿ ಸೀಟು ಸಿಗುವ ಅಂಕ ಅವಳಿಗಿತ್ತು. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. 'ಲ್ಯಾಬು ಎಷ್ಟು ಗಂಟೆಗೆ ಮುಗಿಯುತ್ತೆ? ಅಲ್ಲಿಂದ ಹಾಸ್ಟೆಲಿಗೆ ಹೇಗೆ?' ಎಂದು ದೊಡ್ಡಪ್ಪ ಎರಡು ಪ್ರಶ್ನೆ ಕೇಳಿದರು. ಬಾಜಿಯ ಬಳಿ ಉತ್ತರವಿರಲಿಲ್ಲ. ಆ ಸಂಸ್ಥೆಯವರಿಗೆ ಫೋನ್ ಮಾಡಿದರೆ ಅವರ ಬಳಿಯೂ ಇರಲಿಲ್ಲ. ಬಾಜಿ ಬಿಎಡ್ ಮಾಡಿದಳು, ಬಸ್ಸು ಮನೆ ಮುಂದೆಯೇ ನಿಲ್ಲುತ್ತದೆ ಎಂಬ ಕಾರಣಕ್ಕೆ. ಬಿಎಡ್ ಕೀಳು ಎಂದಲ್ಲ. ಅವಳು ಅದನ್ನು ಆರಿಸಿಕೊಂಡದ್ದಲ್ಲ, ಅಷ್ಟೆ.

ಇದು ನಮ್ಮ ಸಮುದಾಯದ ಒಂದು ಮನೆಯ ಕಥೆ ಮಾತ್ರ ಎಂದುಕೊಳ್ಳಬೇಡಿ. ಗಿರಿಜಾ ಬೋರ್ಕರ್ ಎಂಬ ಅರ್ಥಶಾಸ್ತ್ರಜ್ಞೆ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಾಲೇಜನ್ನು ಹೇಗೆ ಆರಿಸುತ್ತಾರೆ ಎಂದು ಅಧ್ಯಯನ ಮಾಡಿದ್ದಾರೆ. ದಾರಿ ಸುರಕ್ಷಿತ ಅನ್ನಿಸಿದರೆ ಸಾಕು, ಗುಣಮಟ್ಟದಲ್ಲಿ ಎಷ್ಟೋ ಕೆಳಗಿನ ಕಾಲೇಜನ್ನು ಒಪ್ಪಿಕೊಳ್ಳಲು ಹುಡುಗಿಯರು ಸಿದ್ಧರಿರುತ್ತಾರೆ, ಸುರಕ್ಷಿತ ಪ್ರಯಾಣಕ್ಕೆ ಹುಡುಗರಿಗಿಂತ ಹೆಚ್ಚು ಹಣವನ್ನೂ ಸುರಿಯುತ್ತಾರೆ ಎಂದು ಅವರು ಕಂಡುಕೊಂಡರು. ಅಂಕಪಟ್ಟಿಯಲ್ಲಿ ನಾವು ಮುಂದಿದ್ದು ಆಮೇಲೆ ಹಿಂದೆ ಬೀಳುವುದಕ್ಕೆ ಇದೂ ಒಂದು ಕಾರಣ. ಆದರೆ ಅದು ಯಾವ ಅಂಕಪಟ್ಟಿಯಲ್ಲೂ ಕಾಣಿಸುವುದಿಲ್ಲ. ಹೊರಗಿನವರು 'ಮುಸ್ಲಿಂ ಹುಡುಗಿಯರನ್ನು ಮನೆಯವರು ಓದಿಸುವುದಿಲ್ಲ' ಎಂದು ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ದೊಡ್ಡಪ್ಪನ ಎರಡು ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರು ಎಂದು ಅವರು ಕೇಳುವುದಿಲ್ಲ.

ದೊಡ್ಡಪ್ಪನ ಭಯ ಸುಳ್ಳು ಎಂದು ನಾನು ಹೇಳಲಾರೆ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಸ್ನಾತಕೋತ್ತರ ಓದುತ್ತಿದ್ದ ವೈದ್ಯೆಯ ಶವ ಸಿಕ್ಕಿತು. ರಾತ್ರಿ ಡ್ಯೂಟಿಯ ನಡುವೆ ಅವರು ವಿಶ್ರಾಂತಿಗೆಂದು ಅಲ್ಲಿಗೆ ಹೋಗಿದ್ದರು. ಅವರು ಯಾವ ನಿರ್ಜನ ಜಾಗಕ್ಕೂ ಹೋಗಿರಲಿಲ್ಲ. ತನ್ನ ಕಾಲೇಜಿನ ಒಳಗೆ, ತನ್ನ ಕೆಲಸದ ಜಾಗದಲ್ಲಿ ಇದ್ದರು. ಶಿಕ್ಷೆಗೆ ಒಳಗಾದವನು ಪೊಲೀಸರ ಜೊತೆ ಕೆಲಸ ಮಾಡುತ್ತಿದ್ದ 'ಸಿವಿಕ್ ವಾಲಂಟಿಯರ್', ಅಂದರೆ ಒಳಗೆ ಬರಲು ಯಾರೂ ತಡೆಯದವನು. ಗಸ್ತು ಎಂದ ಕೂಡಲೇ ಸಮಾಧಾನ ಪಡುವವರು ಇದನ್ನು ನೆನಪಿಡಬೇಕು. ಯಾರನ್ನು ನೇಮಿಸಿದ್ದೀರಿ, ಅವನ ಹಿನ್ನೆಲೆ ನೋಡಿದ್ದೀರಾ, ಅವನ ಮೇಲೆ ಯಾರ ಕಣ್ಣಿದೆ ಎಂದು ಕೇಳದೆ ಸಮವಸ್ತ್ರವನ್ನು ನಂಬುವ ಹಾಗಿಲ್ಲ.

ಆಮೇಲೆ ಪಶ್ಚಿಮ ಬಂಗಾಳ ಸರ್ಕಾರ ಮಾಡಿದ್ದೇನು? ಸಾಧ್ಯವಾದ ಕಡೆ ಮಹಿಳೆಯರಿಗೆ ರಾತ್ರಿ ಡ್ಯೂಟಿ ತಪ್ಪಿಸಿ ಎಂದಿತು. ಸೆಪ್ಟೆಂಬರ್ 17ರಂದು ಸುಪ್ರೀಂ ಕೋರ್ಟ್ ಇದನ್ನು ಆಕ್ಷೇಪಿಸಿತು. ಮಹಿಳಾ ವೈದ್ಯರು ರಿಯಾಯಿತಿ ಕೇಳುತ್ತಿಲ್ಲ, ಭದ್ರತೆ ಕೊಡುವುದು ನಿಮ್ಮ ಕೆಲಸ ಎಂಬುದು ನ್ಯಾಯಾಲಯದ ಮಾತಿನ ಸಾರ. ಗುತ್ತಿಗೆಯ ಭದ್ರತಾ ಸಿಬ್ಬಂದಿಯನ್ನೇ ಮತ್ತೆ ನೇಮಿಸಲು ಹೊರಟದ್ದನ್ನೂ ನ್ಯಾಯಾಲಯ ಪ್ರಶ್ನಿಸಿತು. ಇದಕ್ಕೂ ಎರಡು ವರ್ಷ ಮೊದಲು, 2022ರಲ್ಲಿ, ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ 9.30ಕ್ಕೆ ಹಾಸ್ಟೆಲಿನ ಬಾಗಿಲು ಹಾಕುವುದರ ವಿರುದ್ಧ ಕೇರಳ ಹೈಕೋರ್ಟಿಗೆ ಹೋಗಿದ್ದರು. ತೊಂದರೆ ಕೊಡುವವರು ಗಂಡಸರಾದರೆ ಕೂಡಿಹಾಕಬೇಕಾದದ್ದು ಅವರನ್ನಲ್ಲವೇ ಎಂದು ನ್ಯಾಯಮೂರ್ತಿ ದೇವನ್ ರಾಮಚಂದ್ರನ್ ಕೇಳಿದರು. ಆ ಪ್ರಶ್ನೆಯನ್ನು ನಾನು ಊಟದ ಹೊತ್ತಿನಲ್ಲಿ ಮನೆಯಲ್ಲಿ ಹೇಳಿದಾಗ ನನ್ನ ತಮ್ಮ ತಟ್ಟೆ ಬಿಟ್ಟು ಎದ್ದ. 'ನನ್ನನ್ನು ಯಾಕೆ ಕೂಡಿಹಾಕಬೇಕು, ನಾನೇನು ಮಾಡಿದ್ದೀನಿ?' ಎಂದ. ನಾನೂ ಅದನ್ನೇ ಕೇಳುತ್ತಿರುವುದು, ತಮ್ಮಾ.

ಕಾನೂನು ಈ ವಿಷಯದಲ್ಲಿ ನಮ್ಮ ಕಡೆಗಿದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ದೆಹಲಿಯ 2012ರ ಡಿಸೆಂಬರ್ ಘಟನೆಯ ನಂತರ ಯುಜಿಸಿ ಒಂದು ಕಾರ್ಯಪಡೆ ರಚಿಸಿತ್ತು. 2013ರಲ್ಲಿ ಬಂದ ಅದರ ವರದಿಯ ಹೆಸರು 'ಸಕ್ಷಮ್'. ಅದನ್ನು ಆಧರಿಸಿ 2016ರಲ್ಲಿ ಯುಜಿಸಿ ನಿಯಮಗಳು ಜಾರಿಗೆ ಬಂದವು. ಸುರಕ್ಷತೆಯ ಹೆಸರಿನಲ್ಲಿ ಹಾಸ್ಟೆಲುಗಳಲ್ಲಿ ಹುಡುಗರಿಗೊಂದು ಹುಡುಗಿಯರಿಗೊಂದು ನಿಯಮ ಮಾಡುವಂತಿಲ್ಲ. ಭದ್ರತಾ ವ್ಯವಸ್ಥೆಯು ಅತಿಯಾದ ಕಾವಲಾಗಿ, ವಿದ್ಯಾರ್ಥಿನಿಯರ ಓಡಾಟವನ್ನು ಮೊಟಕು ಮಾಡುವ ಸಾಧನವಾಗಬಾರದು. ಆವರಣದಲ್ಲಿ ಸಾಕಷ್ಟು ಬೆಳಕು, ನಂಬಬಹುದಾದ ವಾಹನ ವ್ಯವಸ್ಥೆ, ತರಬೇತಾದ ಸಿಬ್ಬಂದಿ ಇರಬೇಕು ಎಂದು ಅವು ಹೇಳುತ್ತವೆ. ಮೈಸೂರಿನ ಸುತ್ತೋಲೆ ಬಂದದ್ದು ಇದಾಗಿ ಐದು ವರ್ಷದ ನಂತರ! ಯಾರೂ ತೆರೆದು ಓದದ ನಿಯಮ ಇದ್ದೂ ಇಲ್ಲದ ಹಾಗೆ. ಹೀಗಾಗಿ ಅಡ್ಮಿಷನ್‌ಗೆ ಹೋದಾಗ ನಾವೇ ಅದನ್ನು ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು.

'ಗಸ್ತು' ಎಂಬ ಪದ ನಮಗೆ ಹೊಸದಲ್ಲ. ಮೊಹಲ್ಲಾದಲ್ಲಿ ಜಮಾಅತಿನವರು ಮನೆಮನೆಗೆ ಹೋಗಿ ಸಲಾಂ ಹೇಳಿ ಮಸೀದಿಗೆ ಕರೆಯುವುದಕ್ಕೆ 'ಗಶ್ತ್' ಎನ್ನುತ್ತೇವೆ. ಎರಡೂ ಒಂದೇ ಪಾರ್ಸಿ ಮೂಲದ್ದು, ಸುತ್ತಾಡುವುದು ಎಂದರ್ಥ. ಗಸ್ತು ಎಂದ ಕೂಡಲೇ ನಮ್ಮಲ್ಲಿ ಎಲ್ಲರಿಗೂ ನೆನಪಾಗುವವರು ಖಲೀಫಾ ಹಝ್ರತ್ ಉಮರ್(ರ). ಮದೀನಾದ ಬೀದಿಗಳಲ್ಲಿ ರಾತ್ರಿ ಅವರು ಸುತ್ತುತ್ತಿದ್ದ ಕಥೆಗಳನ್ನು ಮದ್ರಸಾದಲ್ಲಿ ಕೇಳದವರು ಯಾರು? ಒಂದು ರಾತ್ರಿ ಊರ ಹೊರಗೆ ಬೆಂಕಿ ಕಂಡು ಹೋಗುತ್ತಾರೆ. ಒಬ್ಬ ತಾಯಿ ಒಲೆಯ ಮೇಲೆ ಪಾತ್ರೆ ಇಟ್ಟು ಕೂತಿದ್ದಾಳೆ, ಸುತ್ತ ಮಕ್ಕಳು ಅಳುತ್ತಿವೆ. ಪಾತ್ರೆಯಲ್ಲಿರುವುದು ಬರೀ ನೀರು, ಮಕ್ಕಳು ಕಾದು ಕಾದು ನಿದ್ದೆಹೋಗಲಿ ಎಂದು. ಬಂದವರು ಯಾರೆಂದು ತಿಳಿಯದೆ ಆಕೆ ಉಮರರ ಮೇಲೇ ದೂರುತ್ತಾಳೆ. ಅವರು ಬೈತುಲ್‌ಮಾಲಿಗೆ ಹೋಗಿ ಹಿಟ್ಟಿನ ಮೂಟೆಯನ್ನು ತಾನೇ ಬೆನ್ನ ಮೇಲೆ ಹೊತ್ತು ತರುತ್ತಾರೆ. ಸೇವಕ ಅಸ್ಲಮ್ ನಾನು ಹೊರುತ್ತೇನೆ ಎಂದರೂ ಕೊಡುವುದಿಲ್ಲ. ಅಡುಗೆ ಮಾಡಿ, ಮಕ್ಕಳು ಉಂಡು ನಗುವವರೆಗೆ ಅಲ್ಲೇ ಇರುತ್ತಾರೆ. ಈ ಕಥೆಯನ್ನು ದಾನದ ಕಥೆ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ನನಗೆ ಇದು ಗಸ್ತಿನ ಕಥೆಯಾಗಿಯೇ ಕಾಣುತ್ತದೆ. ರಾತ್ರಿ ಹೊತ್ತು, ಊರ ಹೊರಗೆ, ಮಕ್ಕಳ ಜೊತೆ ಒಬ್ಬಳು ಹೆಂಗಸು. ಈ ಹೊತ್ತಿನಲ್ಲಿ ಇಲ್ಲಿ ಯಾಕೆ ಇದ್ದೀ ಎಂದು ಅವರು ಗದರಿಸಲಿಲ್ಲ. ಏನು ಕಷ್ಟ ಎಂದು ಕೇಳಿದರು.

ಇನ್ನೊಂದು ಪ್ರಸಂಗವನ್ನು ಅಷ್ಟಾಗಿ ಹೇಳುವುದಿಲ್ಲ. ಗಸ್ತಿನಲ್ಲಿದ್ದಾಗ ಒಂದು ಮನೆಯೊಳಗೆ ಏನೋ ತಪ್ಪು ನಡೆಯುತ್ತಿದೆ ಎಂದು ಅನುಮಾನಪಟ್ಟು ಉಮರ್(ರ) ಗೋಡೆ ಹತ್ತಿ ಒಳಗಿಳಿದರಂತೆ. ಆ ಮನೆಯವನು, ನಾನು ಒಂದು ತಪ್ಪು ಮಾಡಿದ್ದರೆ ನೀವು ಮೂರು ಮಾಡಿದ್ದೀರಿ ಎಂದನಂತೆ: ಗೂಢಚರ್ಯೆ ಮಾಡಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಲಿಲ್ಲ, ಮೂರನ್ನೂ ಕುರ್‌ಆನ್ ತಡೆದಿದೆ. ಖಲೀಫಾ ಒಪ್ಪಿಕೊಂಡು ಹೊರಟುಹೋದರು. ಕಾವಲಿಗೂ ಒಂದು ಮಿತಿ ಇದೆ ಎಂಬುದನ್ನು ಯುಜಿಸಿ ಹೇಳುವ ಎಷ್ಟೋ ಶತಮಾನ ಮೊದಲೇ ನಮ್ಮವರು ಹೇಳಿಕೊಂಡು ಬಂದಿದ್ದಾರೆ.

ಮಹ್ರಮ್ ಇಲ್ಲದೆ ಪ್ರಯಾಣ ಮಾಡುವ ಬಗ್ಗೆ ಉಲಮಾಗಳು ಹೇಳುವುದು ನನಗೆ ಗೊತ್ತು. ಅದನ್ನು ಚರ್ಚಿಸುವ ವಿದ್ಯೆ ನನಗಿಲ್ಲ, ಈ ಬರಹ ಅದರ ಬಗ್ಗೆಯೂ ಅಲ್ಲ. ಆದರೆ ಅದೀ ಬಿನ್ ಹಾತಿಮ್(ರ) ಅವರ ಹದೀಸನ್ನೂ ನಾವು ಓದಿದ್ದೇವೆ. ಹೀರಾದಿಂದ ಹೊರಟ ಒಬ್ಬ ಮಹಿಳೆ ಅಲ್ಲಾಹನ ಹೊರತು ಯಾರ ಭಯವೂ ಇಲ್ಲದೆ ಮಕ್ಕಾಕ್ಕೆ ಬಂದು ಕಾಬಾದ ತವಾಫ್ ಮಾಡುವ ದಿನ ಬರುತ್ತದೆ ಎಂದು ಪ್ರವಾದಿ(ಸ) ಅವರಿಗೆ ಹೇಳಿದ್ದರು. ಅದೀ(ರ) ಆ ದಿನವನ್ನು ಕಣ್ಣಾರೆ ಕಂಡರು. ನಾಡಿನಲ್ಲಿ ಶಾಂತಿ ನೆಲೆಸಿದೆಯೇ ಎಂದು ಅಳೆಯಲು ಅಲ್ಲಿ ಹಿಡಿದ ಅಳತೆ ಯಾವುದು ನೋಡಿ: ದಾರಿಯಲ್ಲಿ ಹೆದರಿಕೆಯಿಲ್ಲದೆ ಹೋಗುವ ಮಹಿಳೆ. ಮನೆಯೊಳಗೆ ಬೀಗ ಹಾಕಿಕೊಂಡು ಕ್ಷೇಮವಾಗಿರುವ ಮಹಿಳೆ ಅಲ್ಲ.

ಗಸ್ತು ತಿರುಗುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಗೇಟಿನಲ್ಲಿ ಕೂತ ಸೆಕ್ಯುರಿಟಿಯವರನ್ನು ನಾವು 'ಅಂಕಲ್' ಎಂದು ಕರೆದು ಹಾದುಹೋಗುತ್ತೇವೆ. ಬಹುಪಾಲು ಕಡೆ ಅವರು ಏಜೆನ್ಸಿಯ ಮೂಲಕ ಬಂದ ಗುತ್ತಿಗೆಯವರು, 12 ಗಂಟೆಯ ಪಾಳಿ ಮಾಡುವವರು, ಎಷ್ಟೋ ಮಂದಿ ಅರವತ್ತರ ಹತ್ತಿರದವರು. ಕೈಯಲ್ಲಿ ಒಂದು ಕೋಲು, ಒಂದು ವಿಷಲ್. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳ ಪ್ರಕಾರ ಒಬ್ಬ ಗಾರ್ಡ್‌ಗೆ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಆಗಬೇಕು. ನನಗೆ ಪರಿಚಯವಿರುವ ಒಬ್ಬ ಸೆಕ್ಯುರಿಟಿ ತಾತನನ್ನು ಎಷ್ಟು ದಿನ ತರಬೇತಿ ಕೊಟ್ಟರು ಎಂದು ಕೇಳಿದೆ. 'ಯೂನಿಫಾರ್ಮ್ ಕೊಟ್ರು, ಗೇಟು ತೋರಿಸಿದ್ರು' ಎಂದರು. ಅವರಿಂದ ನಾವು ಬೈಕಿನಲ್ಲಿ ಬಂದ ಮೂವರನ್ನು ತಡೆಯುವುದನ್ನು ನಿರೀಕ್ಷಿಸುತ್ತೇವೆ. ರಾತ್ರಿ ಪಾಳಿಯವರಿಗೆ ಒಂದು ಲೋಟ ಚಹಾ, ಕೂರಲು ಒಂದು ಗೂಡು, ಕರೆದರೆ ಓಗೊಡುವ ಇನ್ನೊಬ್ಬ ಗಾರ್ಡು ಇಲ್ಲದಿದ್ದರೆ ಅವರೂ ಕತ್ತಲೆಗೆ ಹೆದರುತ್ತಾರೆ. ಗಸ್ತು ಬೇಕು ಎನ್ನುವವರು ಗಸ್ತಿನವರಿಗೆ ಸರಿಯಾದ ಸಂಬಳ ಬೇಕು ಎಂದೂ ಕೇಳಬೇಕು.

ನಮಗೆ ಬೇಕಾದ ಗಸ್ತು ಎಂಥದ್ದು? ಗ್ರಂಥಾಲಯ ಮುಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಂತು, ಹಾಸ್ಟೆಲ್ ಕಡೆ ಹೋಗುವವರೆಲ್ಲ ಒಟ್ಟಿಗೆ ಬನ್ನಿ ಎಂದು ಕರೆದುಕೊಂಡು ಹೋಗುವಂಥದ್ದು. ಅದರಲ್ಲಿ ಹೆಂಗಸರೂ ಇರಬೇಕು. ಅವರ ಎದೆಯ ಮೇಲೆ ಓದಲು ಬರುವ ಹಾಗೆ ಹೆಸರಿರಬೇಕು. ಫೋನ್ ಮಾಡಿದರೆ ಎತ್ತುವ ಒಂದು ನಂಬರ್ ಇರಬೇಕು, 112ಕ್ಕೆ ಕರೆ ಮಾಡುವ ಮೊದಲೇ ಹತ್ತಿರದಿಂದ ಒಬ್ಬರು ಬರುವ ಹಾಗೆ. ಮತ್ತೆ ದೀಪ. ದೀಪದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಒಂದು ಕಂಬದ ಬಲ್ಬ್ ಹೋದರೆ ಎಷ್ಟು ದಿನದಲ್ಲಿ ಬದಲಾಗುತ್ತದೆ ಎಂಬುದನ್ನು ನೋಡಿದರೆ ಸಾಕು, ಆ ಸಂಸ್ಥೆಗೆ ನಮ್ಮ ಬಗ್ಗೆ ಎಷ್ಟು ಕಾಳಜಿ ಇದೆ ಎಂದು ತಿಳಿಯುತ್ತದೆ. ಬಸ್ಸಿನ ಮಾತೂ ಹಾಗೆಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟಿಗೆ ಹಣ ಕೊಡುವ ಚಿಂತೆಯಿಲ್ಲ. ಆದರೆ ಕತ್ತಲಾದ ಮೇಲೆ ಬಸ್ಸೇ ಬರದಿದ್ದರೆ ಉಚಿತ ಟಿಕೆಟನ್ನು ಏನು ಮಾಡುವುದು? ಹಾಂ, ಅಪಾಯವೆಂದರೆ ಬರೀ ಕೆಟ್ಟ ಗಂಡಸರಲ್ಲ. 2022ರ ಅಕ್ಟೋಬರಿನಲ್ಲಿ ಬೆಂಗಳೂರಿನ ಜ್ಞಾನಭಾರತಿ ಆವರಣದೊಳಗೆ ಒಬ್ಬ ವಿದ್ಯಾರ್ಥಿನಿಗೆ ಬಿಎಂಟಿಸಿ ಬಸ್ಸೇ ಬಡಿದು, ಆಕೆ ಮುಂದೆ ತೀರಿಕೊಂಡಳು. ಕ್ಯಾಂಪಸ್ಸಿನ ನಡುವೆ ಹಾದುಹೋಗುವ ಊರಿನ ವಾಹನಗಳನ್ನು ನಿಲ್ಲಿಸಿ ಎಂದು ಅಲ್ಲಿನ ವಿದ್ಯಾರ್ಥಿಗಳು ರಸ್ತೆಗಿಳಿದಿದ್ದರು.

ಇನ್ನು, ಮುಸ್ಲಿಂ ವಿದ್ಯಾರ್ಥಿಗಳಾದ ನಮಗೆ ರಾತ್ರಿಯ ಹೆದರಿಕೆ ಒಂದೇ ಬಗೆಯದಲ್ಲ. 2019ರ ಡಿಸೆಂಬರ್ 15ರ ಸಂಜೆ ದೆಹಲಿ ಪೊಲೀಸರು ಜಾಮಿಯಾದ ಒಳಗೆ ನುಗ್ಗಿ ಗ್ರಂಥಾಲಯದಲ್ಲಿದ್ದವರನ್ನು ಹೊಡೆದ ದೃಶ್ಯಗಳನ್ನು ನಾವೆಲ್ಲ ನೋಡಿದ್ದೇವೆ. ಅನುಮತಿಯಿಲ್ಲದೆ ಬಂದರು ಎಂದು ಆಗಿನ ಕುಲಪತಿ ನಜ್ಮಾ ಅಖ್ತರ್ ಹೇಳಿದ್ದರು. ನಮ್ಮ ಅಣ್ಣಂದಿರು ರಾತ್ರಿ ಟೋಪಿ ಹಾಕಿಕೊಂಡು ಹೋಗುವಾಗ, ಬೇರೆ ಧರ್ಮದ ಸಹಪಾಠಿಯ ಜೊತೆ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ, ಯಾವ ಸಮವಸ್ತ್ರವೂ ಇಲ್ಲದ 'ಗಸ್ತಿನವರು' ಬಂದು ಹೆಸರು ಕೇಳುವುದುಂಟು. ಕರಾವಳಿಯ ಗೆಳತಿಯರು ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು. ಹಾಗಾಗಿ ಭದ್ರತೆ ಹೆಚ್ಚಿಸಿ ಎಂದು ಬರೀ ಕೂಗಿದರೆ ನಮಗೇ ಅದು ಮುಳುವಾಗಬಹುದು. ಐಡಿ ಕೇಳುವುದಾದರೆ ಎಲ್ಲರನ್ನೂ ಕೇಳಲಿ. ಬುರ್ಖಾ ನೋಡಿ, ಗಡ್ಡ ನೋಡಿ ಕೇಳುವುದಾದರೆ ಅದು ಭದ್ರತೆಯಲ್ಲ. ಯಾರೇ ತಪ್ಪು ಮಾಡಿದರೂ, ಗಾರ್ಡೇ ಮಾಡಿದರೂ, ದೂರು ಕೊಡಲು ಆಂತರಿಕ ದೂರು ಸಮಿತಿ ಇರಬೇಕು, ಅದರ ಸದಸ್ಯರ ಹೆಸರು ಗೋಡೆಯ ಮೇಲೆ ಇರಬೇಕು.

ಕೊನೆಗೆ ನಮ್ಮ ಕಾಲೇಜಿನ ಮಾತು. ವಿಶ್ವವಿದ್ಯಾನಿಲಯದ್ದು ಮುಂದಿನ ವರ್ಷದ ಚಿಂತೆ, ಇದು ಈ ವಾರದ್ದು. ಪರೀಕ್ಷೆಗೆ ಮೊದಲು ದ್ವಿತೀಯ ಪಿಯುಸಿಯವರಿಗೆ ಓದುವ ಕೊಠಡಿಯನ್ನು ತೆರೆದಿಡುತ್ತಾರೆ. ಹುಡುಗರಿಗೆ ಇಶಾವರೆಗೆ, ನಮಗೆ ಸಂಜೆ 5ರವರೆಗೆ. ತರಗತಿ ಮುಗಿಯುವುದೇ 4ಕ್ಕೆ, ಅಸರ್ ನಮಾಝ್ ಮಾಡಿ ಬರುವಷ್ಟರಲ್ಲಿ ಉಳಿಯುವುದು ಅರ್ಧ ಗಂಟೆ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಓದಲು ಬೇರೆ ಕೋಣೆಯಿಲ್ಲ, ಮನೆಗೆ ಹೋದರೆ ಅಡುಗೆಮನೆ, ತಮ್ಮ ತಂಗಿಯರು, ಟಿವಿ. ಕೇಳಿದಾಗ 'ನಿಮ್ಮ ಒಳ್ಳೆಯದಕ್ಕೇ, ಬೇಟಿ' ಎಂದರು. ಹೇಳಿದವರ ಮನಸ್ಸು ಒಳ್ಳೆಯದೆಂದು ನನಗೆ ಗೊತ್ತು, ನನ್ನನ್ನು ಮಗಳಂತೆ ನೋಡುವವರು ಅವರು. ಆದರೆ 6.30ರ ಸುತ್ತೋಲೆಗೂ ಇದಕ್ಕೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ.

ಇದಕ್ಕೆ ದುಡ್ಡು ಹೆಚ್ಚು ಬೇಕಾಗಿಲ್ಲ. ನಾವು ಲೆಕ್ಕ ಹಾಕಿದ್ದೇವೆ. ಸಂಜೆ 7.30ರವರೆಗೆ ಉಳಿಯಲು ಬಯಸುವ ಹುಡುಗಿಯರು 34 ಜನ. ಅವರಲ್ಲಿ 11 ಜನರ ಮನೆ ನಡೆದು ಹೋಗುವಷ್ಟು ಹತ್ತಿರ, ಒಟ್ಟಿಗೆ ಹೋಗಬಹುದು. 9 ಜನರನ್ನು ಅಬ್ಬಾ ಅಥವಾ ಅಣ್ಣ ಬಂದು ಕರೆದೊಯ್ಯುತ್ತಾರೆ. ಉಳಿದ 14 ಜನರಿಗೆ ಕಾಲೇಜಿನ ವ್ಯಾನು ಒಂದು ಸುತ್ತು ಹೆಚ್ಚು ಹೊಡೆದರೆ ಸಾಕು, ಡೀಸೆಲ್ ಖರ್ಚನ್ನು ಹಂಚಿಕೊಳ್ಳಲು ಒಪ್ಪಿದ್ದೇವೆ. ಇಬ್ಬರು ಮೇಡಂಗಳು ಸರದಿಯ ಮೇಲೆ ಇರುತ್ತೇವೆ ಎಂದಿದ್ದಾರೆ. ಹಿಂಬದಿಯ ಗೇಟಿನ ಬಳಿ ಒಂದು ದೀಪ ಬೇಕು, ಅಲ್ಲಿ ಕಂಬವಿದೆ, ಬಲ್ಬಿಲ್ಲ. ಇದನ್ನೆಲ್ಲ ಬರೆದ ಅರ್ಜಿ ಗ್ರಂಥಾಲಯದ ಮೇಜಿನ ಮೇಲಿದೆ. ನಮ್ಮ ಸಹಿಯ ಪಕ್ಕದಲ್ಲಿ ಮನೆಯವರ ಸಹಿಗೂ ಜಾಗ ಬಿಟ್ಟಿದ್ದೇವೆ. ಹುಡುಗರೂ ಹಾಕಬಹುದು, ಆರು ಜನ ಆಗಲೇ ಹಾಕಿದ್ದಾರೆ. ಮುಂದಿನ ಶನಿವಾರ ಝುಹರ್ ನಂತರ ಅದನ್ನು ಪ್ರಾಂಶುಪಾಲರಿಗೆ ಕೊಡುತ್ತೇವೆ.